ಒಳಿತು ಧರ್ಮದ್ದು, ಕೆಡುಕು ಮಾತ್ರ ರಾಜಕೀಯದ್ದೇ?

ಮಾನ್ಯ ಸಂಪಾದಕರೇ,

ಧರ್ಮದಿಂದ ಸಮಾಜಕ್ಕೆ ಒಳಿತು ಹೆಚ್ಚೋ ಕೆಡುಕು ಹೆಚ್ಚೋ ಎಂದು ನಿಮ್ಮ ಓದುಗರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದುತ್ತಾ ಬಂದಿದ್ದೇನೆ. ಬರೆದವರಲ್ಲಿ ಹೆಚ್ಚಿನವರದು ಒಂದೇ ಮಾತು: ಧರ್ಮ ಒಳ್ಳೆಯದೇ, ಕೆಡಿಸಿದ್ದು ರಾಜಕೀಯ. ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಧರ್ಮವೇ ಬೇಡ ಎಂದು ಬರೆದ ಒಂದಿಬ್ಬರ ಮಾತಿಗೂ ಇಲ್ಲ. ದಿನಾ ಸಂಜೆ ದೀಪ ಹಚ್ಚುವವಳು, ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ತಂಬಿಲ ಕೊಡುವವಳು ನಾನು. ನಂಬಿಕೆ ಇರುವವಳಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಶಂಕರಪುರದ ಕಡೆ ಮಲ್ಲಿಗೆ ಕೃಷಿ. ಬೆಳಗಾಗುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮುಂಚೆ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಊರಲ್ಲಿ ಮಲ್ಲಿಗೆ ಎಂದರೆ ಮೊದಲಿನಿಂದಲೂ ಕ್ರೈಸ್ತರ ಮನೆಯಂಗಳದ ಬೆಳೆ; ನಮ್ಮಂಥವರು ಅವರನ್ನು ನೋಡಿ ಕಲಿತವರು. ಪಕ್ಕದ ಮನೆಯ ಬಾಯಮ್ಮ ಜಪಸರ ಮುಗಿಸಿ ಕಟ್ಟುವ ಹೂವು ಕೃಷ್ಣಮಠಕ್ಕೂ ಹೋಗುತ್ತದೆ, ದೈವದ ಕೋಲಕ್ಕೂ ಹೋಗುತ್ತದೆ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮದುವೆಗೂ ಹೋಗುತ್ತದೆ. ಮೂಲ್ಕಿಯ ಬಪ್ಪನಾಡಿನಲ್ಲಿ ಜಾತ್ರೆಯ ಶಯನೋತ್ಸವಕ್ಕೆ ದೇವಿಗೆ ಮಲ್ಲಿಗೆಯದ್ದೇ ಹಾಸಿಗೆ. ಆ ದಿನ ಕಟ್ಟೆಯಲ್ಲಿ ನಮ್ಮ ಹೂವಿಗೆ ಸಿಗುವ ದರ ಮಳೆಗಾಲದಲ್ಲಿ ಕನಸಿನಲ್ಲೂ ಬರುವುದಿಲ್ಲ.

ಬಪ್ಪನಾಡಿನ ಕತೆ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಶಾಂಭವಿ ನದಿಯಲ್ಲಿ ಬಪ್ಪ ಬ್ಯಾರಿಯ ದೋಣಿ ತಡೆದು ನಿಂತದ್ದು, ನೀರು ಕೆಂಪಾದದ್ದು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸು ಎಂದದ್ದು, ಮೂಲ್ಕಿಯ ಜೈನ ಸಾವಂತ ಅರಸರು ನೆರವಾದದ್ದು. ಊರಿನ ಹೆಸರೇ ಆ ವ್ಯಾಪಾರಿಯದ್ದು. ಜಾತ್ರೆಯಲ್ಲಿ ದೇವಿಯ ಪ್ರಸಾದ ಇಂದಿಗೂ ಅವನ ವಂಶದವರಿಗೆ ಸಲ್ಲುತ್ತದೆ. ಅಂಥ ಕ್ಷೇತ್ರದ ಜಾತ್ರೆಯಲ್ಲಿ 2022ರ ಮಾರ್ಚ್‌ನಲ್ಲಿ ಮುಸ್ಲಿಮರಿಗೆ ವ್ಯಾಪಾರವಿಲ್ಲ ಎಂಬ ಅರ್ಥದ ಬ್ಯಾನರ್ ಬಿತ್ತು. ಕಾಪುವಿನ ಸುಗ್ಗಿ ಮಾರಿಪೂಜೆಯ ಅಂಗಡಿ ಏಲಂನಲ್ಲಿ ಅವರನ್ನು ಹೊರಗಿಟ್ಟದ್ದೂ ಅದೇ ತಿಂಗಳು. ಹಿಜಾಬ್ ಬಗ್ಗೆ ಹೈಕೋರ್ಟ್ ಕೊಟ್ಟ ತೀರ್ಪನ್ನು ವಿರೋಧಿಸಿ ಮುಸ್ಲಿಮರು ಅಂಗಡಿ ಮುಚ್ಚಿದ್ದರಲ್ಲ, ಅದಕ್ಕೆ ಉತ್ತರ ಎಂದರು ಹೊರಗಿಟ್ಟವರು. ತೀರ್ಪಿಗೂ, ಮಕ್ಕಳಿಗೆ ಪೀಪಿ, ಬಲೂನು ಮಾರಿ ಹೊಟ್ಟೆ ಹೊರೆಯುವವನಿಗೂ ಏನು ಸಂಬಂಧ? ದೇವಸ್ಥಾನದ ಹತ್ತಿರದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡುವಂತಿಲ್ಲ ಎಂದು ಧಾರ್ಮಿಕ ದತ್ತಿಯ 2002ರ ನಿಯಮದಲ್ಲೇ ಇದೆ ಎಂಬ ಉತ್ತರ ಸರಕಾರದಿಂದ ವಿಧಾನಸಭೆಯಲ್ಲಿ ಬಂತು. ಆ ನಿಯಮ ಬಂದ ಮೇಲೂ ನಮ್ಮ ಜಾತ್ರೆಗಳಲ್ಲಿ ಬ್ಯಾರಿಗಳ ಬಳೆ ಅಂಗಡಿ ಇರಲಿಲ್ಲವೇ? ಇತ್ತು, ಎಲ್ಲರೂ ಕೊಂಡವರೇ.

ಇಲ್ಲಿಯೇ ನನ್ನ ತಕರಾರು. ಬ್ಯಾನರ್ ಕಟ್ಟಿದವರು ಸಂಘಟನೆಯವರು, ಅದು ರಾಜಕೀಯ ಎನ್ನುತ್ತೇವೆ. ಆದರೆ ಅದು ನಿಂತದ್ದು ಎಲ್ಲಿ? ಜಾತ್ರೆಯ ದಾರಿಯಲ್ಲಿ, ದೇವಿಯ ಹೆಸರಿನಲ್ಲಿ. ಹರಕೆ ಹೊತ್ತು ಬಂದ ಸಾವಿರಾರು ಭಕ್ತರಲ್ಲಿ ಬೆರಳೆಣಿಕೆಯ ಜನ "ಇದು ನಮ್ಮ ಅಮ್ಮನಿಗೆ ಒಪ್ಪುವುದಿಲ್ಲ, ತೆಗೆಯಿರಿ" ಎಂದಿದ್ದರೆ ಸಂಜೆಯ ತನಕ ಅದು ಅಲ್ಲಿರುತ್ತಿತ್ತೇ? ಅನ್ನಸಂತರ್ಪಣೆ ಆದಾಗ, ರಕ್ತದಾನ ಶಿಬಿರ ಆದಾಗ, ಬಡ ಹುಡುಗಿಯ ಮದುವೆ ಮಾಡಿಸಿದಾಗ ಅದು ಧರ್ಮದ ಕೆಲಸ. ಯಾರನ್ನಾದರೂ ಹೊರಗೆ ಹಾಕಿದಾಗ ಮಾತ್ರ ರಾಜಕೀಯದ ಕೆಲಸ. ಜಮೆ ಎಲ್ಲ ನಮಗೆ, ಖರ್ಚೆಲ್ಲ ಬೇರೆಯವರ ಹೆಸರಿಗೆ. ಇದು ನ್ಯಾಯದ ಲೆಕ್ಕವಲ್ಲ.

ಯಾವ ಪಕ್ಷಕ್ಕೂ ಸಂಬಂಧವಿಲ್ಲದ ಕೆಡುಕೂ ಇದೆ. ಗಂಡ ತೀರಿಹೋದ ಮೇಲೆ ಸಂಬಂಧಿಕರ ಮದುವೆಯೊಂದಕ್ಕೆ ಹೂವು ಕಟ್ಟಿ ಕೊಟ್ಟವಳು ನಾನೇ. ಹಾಲ್‌ನ ಬಾಗಿಲಲ್ಲಿ ಹರಿವಾಣ ಹಿಡಿದು ನಿಂತಿದ್ದ ಹುಡುಗಿ ಗೊತ್ತಿಲ್ಲದೆ ನನಗೂ ಒಂದು ತುಂಡು ಮಲ್ಲಿಗೆ ಕೊಡಲು ಬಂದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವಳ ಕೈ ಹಿಡಿದು ಮೆಲ್ಲಗೆ ಆಚೆ ತಿರುಗಿಸಿದರು. ಬಾಳೆನಾರಿನ ಕಲೆ ನನ್ನ ಉಗುರಿನಲ್ಲಿ ಇನ್ನೂ ಇತ್ತು. ಇದನ್ನು ಯಾವ ರಾಜಕಾರಣಿ ಕಲಿಸಿದ? ಶಾಸ್ತ್ರ, ಸಂಪ್ರದಾಯ ಎಂದು ನಾವೇ ಉಳಿಸಿಕೊಂಡು ಬಂದದ್ದು.

ಇದನ್ನು ಮುರಿದವರೂ ಧರ್ಮದವರೇ ಎಂಬುದನ್ನು ಮರೆಯಲಾರೆ. ನಮ್ಮ ಮುತ್ತಜ್ಜನ ಕಾಲಕ್ಕೆ ನಮ್ಮ ಜಾತಿಯವರು, ಬಿಲ್ಲವರು, ದೇವಸ್ಥಾನದ ಒಳಗೆ ಹೋಗುವಂತಿರಲಿಲ್ಲ. ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಮೇಲೆ ನಮಗೂ ಒಂದು ದೇವಾಲಯ ಆಯಿತು. ಅದೇ ಕುದ್ರೋಳಿಯಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾದರು. ಪತ್ರಿಕೆಯಲ್ಲಿ ಅವರು ಆರತಿ ಎತ್ತುವ ಫೋಟೊ ನೋಡಿದ ದಿನ ನಾನು ಒಂದು ತುಂಡು ಮಲ್ಲಿಗೆ ಮುಡಿದು ಕಟ್ಟೆಗೆ ಹೋದೆ. ಆಮೇಲೆ ಮುಡಿಯುವುದನ್ನು ಬಿಟ್ಟಿಲ್ಲ. ಕುದ್ಮುಲ್ ರಂಗರಾಯರು ಬ್ರಾಹ್ಮಸಮಾಜದ ನಂಬಿಕೆಯಿಂದ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಧರ್ಮ ಕೆಟ್ಟಿತು ಎಂದು ಅವರ ಜಾತಿಯವರು ಬಹಿಷ್ಕಾರ ಹಾಕಿದರು. ಮಂಗಳೂರಿನದೇ ಕಂಕನಾಡಿಯಲ್ಲಿ 1880ರಲ್ಲಿ ಮದ್ದು ಕೊಡಲು ಶುರು ಮಾಡಿದ ಫಾದರ್ ಮುಲ್ಲರ್ ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿಸಿದರು. ಅವರನ್ನು ನಡೆಸಿದ್ದೂ ದೇವರ ಮೇಲಿನ ನಂಬಿಕೆಯೇ. ಆ ಒಳಿತು ಸಣ್ಣದಲ್ಲ. ಆದರೆ ಆ ಆಸ್ಪತ್ರೆಯ ಪುಣ್ಯದಿಂದ ಇನ್ನೊಂದು ಕಡೆ ಆದ ಅನ್ಯಾಯ ವಜಾ ಆಗುವುದಿಲ್ಲ.

ನಮ್ಮವರನ್ನು ಮಾತ್ರ ಹೇಳುತ್ತೀರಲ್ಲ ಎಂದು ಕೇಳುವವರಿದ್ದಾರೆ. ಕ್ರೈಸ್ತರಲ್ಲೂ ಮದುವೆ ಮಾತು ಬಂದಾಗ ಬಾಮಣ, ಚಾರೋಡಿ ಎಂದು ಜಾತಿ ವಿಚಾರಿಸುವುದಿದೆ. ನಮ್ಮ ಕಡೆ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ನಮಾಜಿಗೆ ಜಾಗವಿಲ್ಲ. ಅದನ್ನು ಅವರ ಮನೆಯ ಹೆಣ್ಣುಮಕ್ಕಳೇ ಗಟ್ಟಿಯಾಗಿ ಕೇಳಲಿ, ನಾನು ಜೊತೆಗಿರುತ್ತೇನೆ. ನನ್ನ ಮನೆಯದ್ದನ್ನು ನಾನು ಕೇಳದಿದ್ದರೆ ಮಾತ್ರ ಯಾರೂ ಕೇಳುವವರಿಲ್ಲ.

ಪತ್ತನಾಜೆಯ ದಿನ ಕಳೆದಿದೆ. ಜಾತ್ರೆ, ಕೋಲ ಎಲ್ಲ ಮುಗಿದು ಸಮಿತಿಗಳು ಲೆಕ್ಕಪತ್ರ ಮಂಡಿಸುವ ಸಮಯ. ಉಡುಪಿ, ದಕ್ಷಿಣ ಕನ್ನಡದ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳು, ಮೊಕ್ತೇಸರರು ಈ ಸಭೆಗಳಲ್ಲಿಯೇ ಒಂದು ನಿರ್ಣಯ ಮಾಡಲಿ: ಮುಂದಿನ ಜಾತ್ರೆಯಲ್ಲಿ ಅಂಗಡಿ ಏಲಂ ಎಲ್ಲರಿಗೂ ಮುಕ್ತ, ಸಮಿತಿಯ ಅನುಮತಿ ಇಲ್ಲದೆ ದೇವಸ್ಥಾನದ ದಾರಿಯಲ್ಲಿ ಯಾರ ಬ್ಯಾನರ್ ಕೂಡ ಇಲ್ಲ. 2002ರ ನಿಯಮ ಅಡ್ಡ ಬರುವುದಾದರೆ ತಿದ್ದುಪಡಿ ಮಾಡಿ ಎಂದು ಧಾರ್ಮಿಕ ದತ್ತಿ ಇಲಾಖೆಗೆ ಬರೆಯಲಿ. ಹೆಂಗಸರು ಸಮಿತಿಯಲ್ಲಿ ಇರುವ ಕಡೆ ಅವರೇ ಈ ಮಾತು ಎತ್ತಲಿ. ನಮ್ಮೂರಿನ ಸಭೆಗೆ ದಿನ ಗೊತ್ತಾಗಿದೆ. ನಾನು ಅಲ್ಲಿ ಇದನ್ನು ಬರವಣಿಗೆಯಲ್ಲೇ ಕೊಡುತ್ತೇನೆ.

– ಮಲ್ಲಿಗೆ ಕೃಷಿಕೆ, ಶಂಕರಪುರ, ಉಡುಪಿ ಜಿಲ್ಲೆ