ಅಕ್ರಾದಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ಅಪ್ಪಾ, ಅಲ್ಲಿ ತುಂಬಾ ಬಡವರಿದ್ದಾರಾ?" ಅಂತ ಕೇಳಿದೆ. ನಾನು "ಹೂಂ" ಅಂದು ಬೇರೆ ಮಾತಿಗೆ ಹೋದೆ. ನಿಜ ಹೇಳಬೇಕೆಂದರೆ ಘಾನಾ ದೇಶದ ಈ ರಾಜಧಾನಿಗೆ ಬಂದ ಮೊದಲ ವಾರ ನನಗೆ ಕಂಡಿದ್ದು ಬಡವರಲ್ಲ, ಕಾಂಪೌಂಡುಗಳು.

ಆಫೀಸಿನವರು ಮನೆ ಕೊಟ್ಟಿರುವ ಬಡಾವಣೆಗೆ ಕ್ಯಾಂಟೋನ್ಮೆಂಟ್ಸ್ ಅಂತಲೇ ಹೆಸರು. ನಮ್ಮ ಬೆಂಗಳೂರಿನ ದಂಡಿನ ಹಾಗೆ ಇದೂ ಬ್ರಿಟಿಷರು ಬಿಟ್ಟುಹೋದ ಹೆಸರು. ಗೋಡೆ ಮೇಲೆ ಕರೆಂಟ್ ತಂತಿ, ಗೇಟಿನಲ್ಲಿ ವಾಚ್‌ಮನ್, ಹಿತ್ತಲಲ್ಲಿ ಜನರೇಟರ್. ಕರೆಂಟ್ ಹೋಗಿ ಬರುವ ಆಟಕ್ಕೆ ಇಲ್ಲಿನವರು 'ದುಮ್ಸೋರ್' ಅನ್ನುತ್ತಾರೆ. ಆರಿಸು, ಹೊತ್ತಿಸು ಅಂತ ಅರ್ಥ. ನಮ್ಮ ಮನೆಯಲ್ಲಿ ಹೋಗಿದ್ದೇ ಗೊತ್ತಾಗುವುದಿಲ್ಲ.

ಇಲ್ಲಿಂದ ಸ್ವಲ್ಪ ದೂರಕ್ಕೆ ಅಧ್ಯಕ್ಷರ ಕಚೇರಿ ಜುಬಿಲಿ ಹೌಸ್. ಭಾರತ ಕೊಟ್ಟ ಸಾಲದಲ್ಲಿ ಕಟ್ಟಿ 2008ರಲ್ಲಿ ಉದ್ಘಾಟನೆ ಮಾಡಿದ್ದು. ಅದನ್ನು ದಾಟಿ ಸ್ವಲ್ಪ ಹೋದರೆ ನೀಮಾ ಅನ್ನುವ ಬಡವರ ಬಡಾವಣೆ. ತಗಡಿನ ಮನೆಗಳು ಒಂದರ ಹೆಗಲಿಗೊಂದು ಒರಗಿಕೊಂಡಿವೆ. ಮಕ್ಕಳು ನನ್ನ ಹಿಂದೆ "ಒಬ್ರೋನಿ, ಒಬ್ರೋನಿ" ಅಂತ ಓಡಿ ಬಂದರು. ಬಿಳಿಯನಿಗೆ, ಪರದೇಶದವನಿಗೆ ಹಾಗೆ ಕರೆಯುತ್ತಾರಂತೆ. ನನ್ನ ಬಣ್ಣ ನಿನಗೆ ಗೊತ್ತಲ್ಲ! ನಿನ್ನಜ್ಜಿ ಬದುಕಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಮಕ್ಕಳು ತಪ್ಪೇನೂ ಹೇಳಲಿಲ್ಲ. ಅವರು ನೋಡಿದ್ದು ನಾನು ಯಾವ ಕಾರಿನಿಂದ ಇಳಿದೆ ಅನ್ನೋದನ್ನ.

ಇಲ್ಲಿನ ಬಾಡಿಗೆ ವಿಷಯ ಕೇಳಿದರೆ ನಿನಗೆ ಆಶ್ಚರ್ಯ ಆಗುತ್ತೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೇ ನಾವು ಬೈಯುತ್ತೇವೆ. ಅದು ಮನೆ ಬಿಡುವಾಗ ಅಷ್ಟೋ ಇಷ್ಟೋ ವಾಪಸ್ ಬರುತ್ತೆ. ಇಲ್ಲಿ ಎಷ್ಟೋ ಮಾಲೀಕರು ಎರಡು ವರ್ಷದ ಬಾಡಿಗೆಯನ್ನೇ ಒಟ್ಟಿಗೆ ಕೇಳುತ್ತಾರೆ. ಆರು ತಿಂಗಳಿಗಿಂತ ಜಾಸ್ತಿ ಕೇಳಬಾರದು ಅಂತ 1963ರ ಕಾನೂನೇ ಇದೆ, ಅದು ಪುಸ್ತಕದಲ್ಲಿದೆ. ದಿನದ ಕೂಲಿಯವನು ಎರಡು ವರ್ಷದ ದುಡ್ಡು ಎಲ್ಲಿಂದ ತರಬೇಕು? ತಿಂಗಳ ಬಾಡಿಗೆ ಕಟ್ಟುವ ತಾಕತ್ತಿದ್ದರೂ ಮನೆ ಸಿಗಲ್ಲ. ನೀರೂ ಅಷ್ಟೇ. ನಮಗೆ ನಲ್ಲಿ, ಟ್ಯಾಂಕು. ನಲ್ಲಿ ಇಲ್ಲದವರು ಅರ್ಧ ಲೀಟರಿನ ಪ್ಲಾಸ್ಟಿಕ್ ಚೀಲದ 'ಪ್ಯೂರ್ ವಾಟರ್' ಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಲೀಟರಿಗೆ ನಮಗಿಂತ ಅವರೇ ಜಾಸ್ತಿ ಕೊಡುತ್ತಾರೆ. ಲೆಕ್ಕ ಬರೆಯುವ ಕೆಲಸದವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತೆ.

ಶನಿವಾರ ಮಕೋಲಾ ಮಾರ್ಕೆಟ್ಟಿಗೆ ಹೋಗಿದ್ದೆ. ಅಕ್ಕಿ, ಈರುಳ್ಳಿ, ಎಣ್ಣೆ, ಎರಡು ಚೀಲ ಆಯಿತು. ಒಬ್ಬ ಹುಡುಗಿ ಬಂದಳು, ನಿನ್ನ ವಯಸ್ಸೇ ಇರಬೇಕು. ತಲೆ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಅಗಲವಾದ ಅಲ್ಯೂಮಿನಿಯಂ ಬೋಗುಣಿ. ಇವರನ್ನು ಕಾಯಾಯೇ ಅನ್ನುತ್ತಾರೆ, ಹೊರೆ ಹೊರುವ ಹೆಂಗಸರು. ಹೆಚ್ಚಿನವರು ದೇಶದ ಉತ್ತರ ಭಾಗದಿಂದ ಬಂದವರು. ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ, ಕೊಯ್ಲು ಮುಗಿದರೆ ಕೆಲಸ ಇಲ್ಲ. ದಕ್ಷಿಣದಲ್ಲಿ ಚಿನ್ನ ಇತ್ತು, ಕೋಕೋ ಇತ್ತು, ಹಾಗಾಗಿ ಬ್ರಿಟಿಷರ ರೈಲು 1903ರಲ್ಲಿ ಒಳನಾಡಿನ ಕುಮಾಸಿ ಊರು ತಲುಪಿತು. ಅಲ್ಲಿಂದ ಉತ್ತರಕ್ಕೆ ಹೋಗಲೇ ಇಲ್ಲ. ನಮ್ಮ ಯಾದಗಿರಿ ಕಡೆಯವರು ಗುಳೆ ಬಂದು ನಮ್ಮ ಎದುರಿನ ಸೈಟಿನಲ್ಲಿ ಶೆಡ್ ಹಾಕಿದ್ದರಲ್ಲ, ಅವರ ನೆನಪಾಯಿತು.

ನೆನಪಾಯಿತು ಅಷ್ಟೇ. ಕಾರಿನವರೆಗೆ ಹೊತ್ತು ಆ ಹುಡುಗಿ ಇಪ್ಪತ್ತು ಸೀಡಿ (ಇಲ್ಲಿನ ದುಡ್ಡು) ಕೇಳಿದಾಗ ನನ್ನ ಬಾಯಿ ತಾನಾಗೇ "ಹತ್ತು" ಅಂದಿತು. ಕೆ.ಆರ್. ಮಾರ್ಕೆಟ್ಟಿನ ಅಭ್ಯಾಸ ನೋಡು. ಅವಳು ಜಗಳ ಮಾಡಲಿಲ್ಲ. ಹತ್ತು ತಗೊಂಡು ಬೋಗುಣಿ ಎತ್ತಿಕೊಂಡಳು. ಅಷ್ಟರಲ್ಲಿ ನಮ್ಮ ಡ್ರೈವರ್ ಅವಳನ್ನು ಕೂಗಿ ಕರೆದು ತನ್ನ ಜೇಬಿನಿಂದ ಇನ್ನೊಂದು ಹತ್ತು ಕೊಟ್ಟ. ನನಗೇನೂ ಹೇಳಲಿಲ್ಲ. ದಾರಿಯುದ್ದಕ್ಕೂ ರೇಡಿಯೋದ ಫುಟ್ಬಾಲ್ ಕಾಮೆಂಟರಿ ಕೇಳುತ್ತಾ ಗಾಡಿ ಓಡಿಸಿದ.

ಅವನ ಸಂಬಳ ಎಷ್ಟು ಅಂತ ನನಗೆ ಗೊತ್ತು ಪುಟ್ಟಿ. ಪ್ರತಿ ತಿಂಗಳು ಅದರ ವೋಚರಿಗೆ ಸಹಿ ಹಾಕುವವನು ನಾನೇ.

ಸೋಮವಾರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಮೇಲೆ ಹತ್ತು ಸೀಡಿ ಇಟ್ಟು "ಇದು ನಿನ್ನದು" ಅಂದೆ. ನಕ್ಕ. ಇವತ್ತು ಗುರುವಾರ, ನೋಟು ಅಲ್ಲೇ ಇದೆ.

ನಿನ್ನ,
ಅಪ್ಪ