ಮೇಜಿನಿಂದ ಇಳಿಯುವ ಮೊದಲೇ ಉತ್ತರ ಸಿಗಲಿ: ಕ್ರಯೋಸ್ಟಾಟ್ ಯಂತ್ರಕ್ಕೆ ದೇಣಿಗೆ ಮನವಿ

ಮಾನ್ಯ ದಾನಿಗಳಿಗೆ ನಮಸ್ಕಾರ.

ನಮ್ಮ ಆಸ್ಪತ್ರೆ ನಿಮಗೆ ಹೊಸದಲ್ಲ. ಮನೆಮನೆಯ ಮುಷ್ಟಿ ಅಕ್ಕಿಯಿಂದ ಹೆರಿಗೆ ವಾರ್ಡು ಎದ್ದದ್ದು, ಗೋಡೆ ಅರ್ಧಕ್ಕೆ ನಿಂತಾಗ ಹಿರಿಯರು ಬಂಗಾರ ಅಡವಿಟ್ಟದ್ದು, ಎಲ್ಲ ಕಂಡವರು ನೀವು. ಸ್ತನ ಕ್ಯಾನ್ಸರ್ ಬಂತೆಂದರೆ ಪೂರ್ತಿ ತೆಗೆಯುವುದೊಂದೇ ದಾರಿ ಎಂದು ನಂಬಿದ್ದ ಈ ಸೀಮೆಯಲ್ಲಿ, ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸುವ ಆಪರೇಷನ್ನನ್ನು ಕೂಲಿ ಹೆಂಗಸರಿಗೂ ಮಾಡಿಕೊಟ್ಟೆವು. ಆರಂಭದ ಹಂತದಲ್ಲಿ ಆಯುಸ್ಸಿನ ಮಟ್ಟಿಗೆ ಎರಡೂ ಸಮ ಎಂಬುದು ಮಿಲಾನಿನಲ್ಲೂ ಅಮೆರಿಕದಲ್ಲೂ 20 ವರ್ಷ ರೋಗಿಗಳನ್ನು ಗಮನಿಸಿದ ಮೇಲೆ 2002ರಲ್ಲೇ ಖಚಿತವಾಗಿದೆ.

ಯುಗಾದಿ ಕಳೆದ ವಾರ ನಮ್ಮ ಕ್ರಯೋಸ್ಟಾಟ್‌ನ, ಅಂದರೆ ಆಪರೇಷನ್ ನಡೆಯುತ್ತಿರುವಾಗಲೇ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಪರೀಕ್ಷೆಗೆ ತೆಳ್ಳಗೆ ಸೀಳುವ ಯಂತ್ರದ, ಕಂಪ್ರೆಸರ್ ಹೋಯಿತು. ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ.

ಗಡ್ಡೆ ಹೊರಬಂದೊಡನೆ ಸರ್ಜನ್ ಅದರ ಮೇಲ್ಬದಿಗೊಂದು ಗಿಡ್ಡ ದಾರ, ಹೊರಬದಿಗೊಂದು ಉದ್ದ ದಾರ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಅಂಚಿಗೆ ಶಾಯಿ ಬಳಿದು, ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಶಾಯಿಗೆ ತಾಗಿ ಕ್ಯಾನ್ಸರ್ ಕೋಶ ಕಂಡರೆ ಒಳಗೂ ಉಳಿದಿರಬಹುದು. ಥಿಯೇಟರಿಗೆ ಫೋನ್ ಹೋಗುತ್ತದೆ, ಆ ಬದಿಯಿಂದ ಇನ್ನೊಂದು ಚೂರು ತೆಗೆಯುತ್ತಾರೆ. ಅರ್ಧ ಗಂಟೆಯ ಕೆಲಸ. ಕೊಬ್ಬಿನ ಭಾಗ ಸರಿಯಾಗಿ ಹೆಪ್ಪುಗಟ್ಟದ ಕಾರಣ ಇದೂ ಒಮ್ಮೊಮ್ಮೆ ತಪ್ಪುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಈಗಂತೂ ಎಲ್ಲರ ವರದಿಗೂ ವಾರಗಟ್ಟಲೆ ಕಾಯಬೇಕಾಗಿದೆ.

ಅಡಿಕೆ ಸುಲಿಯಲು ಹೋಗುವ ಒಬ್ಬ ತಾಯಿ ಆಪರೇಷನ್ ಆಗಿ ಹನ್ನೆರಡನೇ ದಿನಕ್ಕೆ ಮರಳಿ ಬಂದರು. ಎಡಗೈ ಎತ್ತಲಾಗದೆ ಸೆರಗಿಗೆ ಮಗಳ ಕೈಲಿ ಪಿನ್ನು ಹಾಕಿಸಿಕೊಂಡಿದ್ದರು. ಅಂಚಿನಲ್ಲಿ ಉಳಿದಿದೆ, ಮತ್ತೊಮ್ಮೆ ಕೊಯ್ಯಬೇಕು ಎಂದಾಗ ಅತ್ತು, "ಹಂಗಾದ್ರೆ ಪೂರ್ತಿ ತೆಗೆದುಬಿಡ್ರಿ, ನಂಗೆ ಇನ್ನು ಬರಕ್ಕಾಗಲ್ಲ" ಎಂದರು. ಬಸ್ಸಿನ ದುಡ್ಡು, ಹೋದ ಕೂಲಿ, ಮುಂದೆ ಬಿದ್ದ ವಿಕಿರಣ ಚಿಕಿತ್ಸೆ, ಇವು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಯಂತ್ರ ನಡೆಯುತ್ತಿದ್ದರೆ ಬಹುಶಃ ಆ ಮಾತೇ ಬರುತ್ತಿರಲಿಲ್ಲ ಎಂಬುದು ನಮ್ಮನ್ನು ಮಲಗಗೊಡುತ್ತಿಲ್ಲ.

ನಮ್ಮ ವೈದ್ಯರು ಕೈಕಟ್ಟಿ ಕುಳಿತಿಲ್ಲ. ಗಡ್ಡೆ ತೆಗೆದ ಗುಳಿಯ ಸುತ್ತಲಿಂದ ತೆಳುವಾದ ಪದರವೊಂದನ್ನು ಹೆಚ್ಚಿಗೆ ತೆಗೆಯುತ್ತಿದ್ದಾರೆ. ಹೀಗೆ ಮಾಡಿದರೆ ಮರು ಆಪರೇಷನ್ ನೂರಕ್ಕೆ 21ರಿಂದ 10ಕ್ಕೆ ಇಳಿಯುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದಾರೆ. ಉಳಿದ ಆ ಹತ್ತು ಜನರಲ್ಲಿ ಕೆಲವರನ್ನಾದರೂ ತಪ್ಪಿಸಲು ಯಂತ್ರ ಬೇಕೇ ಬೇಕು.

ಅದಕ್ಕೆ 18-20 ಲಕ್ಷ, ಯುಪಿಎಸ್, ಬ್ಲೇಡು ಸೇರಿ ಇನ್ನೊಂದೆರಡು ಲಕ್ಷ ಆಗಬಹುದು. ನರ್ಸುಗಳು, ಆಯಾಗಳು ಒಂದು ದಿನದ ಸಂಬಳ ಕೊಟ್ಟಿದ್ದಾರೆ. ಈ ತಿಂಗಳ 30ರೊಳಗೆ ಅರ್ಧ ಮುಂಗಡ ಕಟ್ಟದಿದ್ದರೆ ಈ ದರ ಸಿಗುವುದಿಲ್ಲ. ನೂರು ರೂಪಾಯಿಯಾದರೂ ಸರಿ, ಟ್ರಸ್ಟಿನ ಹೆಸರಿಗೆ ಚೆಕ್ ಕೊಡಿ ಅಥವಾ ಕಚೇರಿಯಲ್ಲಿ ಕಟ್ಟಿ ರಸೀದಿ ಪಡೆಯಿರಿ. 30ರವರೆಗೆ ಭಾನುವಾರವೂ ಕೌಂಟರ್ ತೆರೆದಿರುತ್ತದೆ.

ಇತಿ,
ಧರ್ಮದರ್ಶಿ ಮಂಡಳಿಯ ಪರವಾಗಿ
ಕಾರ್ಯದರ್ಶಿ