ಎಡನಳಿಗೆ

ತಾಯಿ,

ಭಾನುವಾರ ನೀನು ಅರ್ಧ ಊಟಕ್ಕೆ ಎದ್ದು ರಾಯಚೂರಿನ ಬಸ್ ಹತ್ತಿದ ಮೇಲೆ ನಿನ್ನ ಅವ್ವ ಎರಡು ದಿನ ನನ್ನ ತಟ್ಟೆಗೆ ರೊಟ್ಟಿ ಹಾಕಿದಳೇ ಹೊರತು ಮಾತಾಡಲಿಲ್ಲ. ನಾವು ಆಡಿಕೊಂಡದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬಂದೂಕಿನ ಲೈಸೆನ್ಸಿಗೆ ನಿನ್ನ ಚಿಕ್ಕಪ್ಪನ ಮಗನ ಹೆಸರು ಬರೆದಿದ್ದ ಅರ್ಜಿಯನ್ನು ಹರಿದು ಹಾಕಿದ್ದೇನೆ. ಎಪ್ಪತ್ತು ತುಂಬಿದವನು ತನ್ನ ಬಂದೂಕನ್ನು ವಾರಸುದಾರರಿಗೆ ಬಿಟ್ಟುಕೊಡಲು 2016ರ ನಿಯಮದಲ್ಲಿ ದಾರಿ ಇದೆ. ವಾರಸುದಾರ ಗಂಡೇ ಆಗಿರಬೇಕು ಎಂದು ಹೇಳಿದ್ದು ನಿಯಮವಲ್ಲ, ನಾನು.

ಪತ್ರ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ, ಆಗಲಿಲ್ಲ.

ನಿನ್ನ ಹೆಸರಿಗೆ ಮಾಡುವ ಮುಂಚೆ ಒಮ್ಮೆ ಸರಿಯಾಗಿ ನೋಡೋಣವೆಂದು ಮುತ್ಯಾನ ಜೋಡುನಳಿಗೆಯನ್ನು ಬಿಚ್ಚಿದೆ. ಮೂವತ್ತು ವರ್ಷ ಡೀಸೆಲ್ ಎಂಜಿನ್‌ಗಳ ಸಿಲಿಂಡರ್ ಅಳೆದವನು ನಾನು. ಮನೆಯ ಬಂದೂಕನ್ನು ಒಂದು ದಿನವೂ ಅಳೆದಿರಲಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದೆ. ಅಲ್ಲಿ ನಂಬರ್ ನೋಡುತ್ತಾರೆ, ನಳಿಗೆಯ ಒಳಗನ್ನು ಯಾರು ನೋಡುತ್ತಾರೆ?

ನಳಿಗೆಯ ಬಾಯಿಗೆ ವರ್ನಿಯರ್ ಇಟ್ಟರೆ ಮೋಸಹೋಗುತ್ತೇವೆ, ಚರೆ ಬೇಗ ಚೆದುರದಿರಲೆಂದು ಅಲ್ಲಿ ಬೇಕೆಂದೇ ಕಿರಿದು ಮಾಡಿರುತ್ತಾರೆ. ತೋಟಾ ಕೂರುವ ತುದಿಯಿಂದ ಒಂಬತ್ತು ಇಂಚು ಒಳಗೆ ಅಳೆಯಬೇಕು. ನನ್ನ ಡಯಲ್ ಗೇಜ್ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಲೇತ್‌ನಲ್ಲಿ ಒಂದು ಕೊಳವೆ ಕಡೆದು ಜೋಡಿಸಿಕೊಂಡೆ. ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದಾಗ ಒಂದೊಂದರ ಅಗಲ, 0.729 ಇಂಚು. ನಳಿಗೆಯ ತಳದಲ್ಲಿ, ಗಟ್ಟಿತನ ಪರೀಕ್ಷಿಸಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒತ್ತಿದ ಮುದ್ರೆ ಇದೆ, ಪಕ್ಕದಲ್ಲಿ 12 ಎಂದು ಒತ್ತಿದ್ದಾರೆ. ಅಳತೆ 0.740 ಮುಟ್ಟಿತೋ, ಆ ಮುದ್ರೆಗೆ ಬೆಲೆ ಹೋಯಿತು. ಬಲನಳಿಗೆ 0.731. ಎಡನಳಿಗೆ 0.743. ಮೂರು ಸಲ ಅಳೆದೆ. ಬೆಳಗ್ಗೆ ಕಬ್ಬಿಣ ತಣ್ಣಗಿರುವಾಗ ನಾಲ್ಕನೆಯ ಸಲ.

ಕರಿಮದ್ದಿನ ಮಸಿ ತೇವ ಹೀರಿ ತುಕ್ಕಿನ ಗುಳಿಗಳನ್ನು ಮಾಡುತ್ತದೆ. ಯಾವ ಕಾಲದಲ್ಲೋ ಯಾರೋ ಅವನ್ನು ಉಜ್ಜಿ ತೆಗೆದಿದ್ದಾರೆ. ಎಡನಳಿಗೆಯ ಒಳಗೆ ಮುಖ ಕಾಣುತ್ತದೆ ಎಂದು ಮುತ್ಯಾ ಬಂದವರಿಗೆಲ್ಲ ತೋರಿಸುತ್ತಿದ್ದರು. ಹೊಳಪು ಬಂದದ್ದು ಗೋಡೆ ಸವೆದು. ತೆಳುವಾದ ಕಡೆ ಅದು ಅರ್ಧ ಮಿಲಿಮೀಟರ್ ಕೂಡ ಇಲ್ಲ.

ನೀನು ಆಗ ಒಂಬತ್ತನೆಯ ತರಗತಿ. ಗುಡ್ಡದ ಕೆಳಗಿನ ಶೇಂಗಾ ಹೊಲವನ್ನು ಹಂದಿಗಳು ಉತ್ತು ಹಾಕಿದ್ದ ವರ್ಷ. ಅಟ್ಟಣೆಯ ಮೇಲೆ ನೀನು ಹಟ ಹಿಡಿದೆ, ಆಕಾಶಕ್ಕೆ ಒಂದು ಹೊಡೆ ಎಂದು ಕೊಟ್ಟೆ. ಲೈಸೆನ್ಸ್ ನನ್ನದು, ಕೈ ನಿನ್ನದು. ಕಾನೂನಿಗೂ ಅದು ತಪ್ಪೇ. ನೀನು ಎಡ ಹೆಗಲಿಗೆ ಇಟ್ಟೆ, ನಾನು ಬಲಕ್ಕೆ ಸರಿಸಿದೆ, ನಾನು ಅತ್ತ ತಿರುಗಿದಾಗ ನೀನು ಮತ್ತೆ ಎಡಕ್ಕೆ ತಂದುಕೊಂಡೆ. ಕೆನ್ನೆ ಬಾತು ನಾಲ್ಕು ದಿನ ಹಾಗೆಯೇ ಶಾಲೆಗೆ ಹೋದೆ. ಎಡಚಿಗೆ ಬಂದೂಕು ಒಲಿಯುವುದಿಲ್ಲ ಎಂದು ಆಳುಗಳ ಮುಂದೆ ನಕ್ಕವನು ನಾನು.

ಮೊನ್ನೆ ನಳಿಗೆಯ ನೇರಕ್ಕೆ ದಾರ ಎಳೆದು ನೋಡಿದೆ. ಹೆಗಲಿಗೆ ಆನಿಸುವ ಮರ ಬಲಕ್ಕೆ ಕಾಲು ಇಂಚು ವಾಲಿದೆ. ಬಲ ಹೆಗಲಿನವನ ಕಣ್ಣು ನಳಿಗೆಯ ನಡುವಿಗೆ ಬರಲೆಂದು ಹಾಗೆ ಮಾಡುತ್ತಾರೆ. ಎಡದವರಿಗೆ ಅದೇ ಮರ ಕೆನ್ನೆಗೆ ಗುದ್ದುತ್ತದೆ. ಉದ್ದವೂ ಮುತ್ಯಾನ ತೋಳಿಗೆ ಆಗುವಂಥದ್ದು. ನಿನ್ನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಅದು ಹೋಗಲಿ. ಕೆನ್ನೆ ಹಿಡಿದುಕೊಂಡೇ ನೀನು "ಅಪ್ಪಾ, ಇನ್ನೊಂದು" ಎಂದೆ. ನಿನ್ನ ಬೆರಳು ಹಿಂದಿನ ಟ್ರಿಗರ್ ಮೇಲೆ ಹೋಗಿತ್ತು. ಮುಂದಿನದು ಬಲನಳಿಗೆಗೆ, ಹಿಂದಿನದು ಎಡನಳಿಗೆಗೆ. ತೋಟಾ ಪುಕ್ಕಟೆ ಬರುವುದಿಲ್ಲ ಎಂದು ಬೈದು ಕಸಿದುಕೊಂಡೆ. ಆ ಜಿಪುಣತನಕ್ಕೆ ವರ್ಷಗಟ್ಟಲೆ ನಾಚಿಕೊಂಡಿದ್ದೇನೆ. ಈಗ ರಾತ್ರಿ ಎಚ್ಚರವಾದರೆ ಆ ಬೆರಳೇ ಕಾಣುತ್ತದೆ. ನಳಿಗೆಯ ಕೆಳಗೆ, ಸರಿಯಾಗಿ ಆ ತೆಳು ಜಾಗದ ಕೆಳಗೆ, ಇದ್ದದ್ದು ನಿನ್ನ ಬಲಗೈ. ಬೆರಳಿಗೆ ಹೊಡೆದು ಹೊಡೆದು ನಾನು ಅಕ್ಷರ ಬರೆಯಿಸಿದ ಕೈ. ಮುತ್ಯಾ ಜೀವಮಾನವಿಡೀ ಹೊಡೆದರಲ್ಲ, ಏನಾಯಿತು ಎಂದು ನೀನು ಕೇಳುತ್ತೀ. ಸೀಳಿದ ಸಿಲಿಂಡರ್‌ಗಳನ್ನು ನನ್ನ ಮುಂದೆ ತಂದಿಟ್ಟವರೆಲ್ಲ ಹಾಗೆಯೇ ಹೇಳುತ್ತಿದ್ದರು: ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿತ್ತು.

ಇನ್ನೊಂದನ್ನು ತಿಳಿದುಕೋ. ಆ ದಿನ ಹಾಕಿದ್ದು 70 ಮಿಲಿಮೀಟರಿನ ತೋಟಾ, ಬಂದೂಕಿನಲ್ಲಿ ತೋಟಾ ಕೂರುವ ಕೋಣೆ 65ರದು. ಹಾಗಿದ್ದೂ ಕೂರುತ್ತದೆ, ಏಕೆಂದರೆ ತೋಟಾದ ಉದ್ದವೆಂದು ಹೇಳುವುದು ಹೊಡೆದಾಗ ಅದರ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನದು. ಬಿಚ್ಚಿಕೊಳ್ಳಲು ಜಾಗವಿಲ್ಲದಿದ್ದರೆ ಒಳಗಿನ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿ ಎಂದುಕೊಳ್ಳಬೇಡ. ಹಳೆಯ ಬಂದೂಕನ್ನು ಯಾರು ಕೊಟ್ಟರೂ ಮೊದಲು ನಳಿಗೆಗಳನ್ನು ಬಿಡಿಸಿ ದಾರಕ್ಕೆ ತೂಗುಹಾಕಿ ಬೆರಳಿನಿಂದ ಬಡಿ. ಗಂಟೆಯ ಹಾಗೆ ನಾದ ನಿಲ್ಲಬೇಕು. ಒಡಕು ಗಡಿಗೆಯ ಸದ್ದು ಬಂದರೆ ನಡುವಿನ ಬೆಸುಗೆ ಬಿಟ್ಟಿದೆ. ಆಮೇಲೆ ಜೋಡಿಸಿ, ನಳಿಗೆಯ ಕೆಳಗಿನ ಮುಂಗೈ ಮರ ತೆಗೆದು ಅಲ್ಲಾಡಿಸು, ಕಟಕಟ ಎನ್ನಬಾರದು. ಇಷ್ಟು ಓದಿದ ನಿನ್ನ ಅವ್ವ, ಇದು ತಪ್ಪೊಪ್ಪಿಗೆಯೋ ಐಟಿಐ ಪಾಠವೋ ಎಂದು ಕೇಳಿದಳು. ಮೂರನೆಯ ದಿನದ ಮೊದಲ ಮಾತು ಅದು.

ಬಳ್ಳಾರಿಯಲ್ಲಿ ಬಂದೂಕು ರಿಪೇರಿ ಮಾಡುವ ಮುದುಕರೊಬ್ಬರಿಗೆ ಒಯ್ದು ತೋರಿಸಿದೆ. ಎಡನಳಿಗೆಗೆ ಬೆಳಕು ಹಿಡಿದು ನೋಡಿ, ಇದನ್ನು ಇನ್ನು ಹೊಡೆಯಬೇಡಿ ಎಂದರು. ನೌಕರಿ ಬಿಟ್ಟು ಬಂದು ಆರು ಎಕರೆ ನೋಡಿಕೊಳ್ಳುತ್ತೇನೆ ಎಂದು ಭಾನುವಾರ ನೀನು ಎದ್ದು ನಿಂತು ಹೇಳಿದ್ದನ್ನು ಅವರಿಗೂ ಹೇಳಿದೆ. ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಹೊಲಕ್ಕೆ ಬೇರೆ ಬಂದೂಕು ನೋಡೋಣ, ಮರಕ್ಕೆ ಬಿಸಿ ಎಣ್ಣೆ ಹೊಯ್ದು ಎಡಕ್ಕೆ ಬಗ್ಗಿಸಿಕೊಡುತ್ತೇನೆ ಎಂದಿದ್ದಾರೆ. ಅವರಿಗೆ ಒಂದು ಅಳತೆ ಬೇಕಂತೆ. ಮೊಣಕೈ ಮಡಚಿ, ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟು ಇಂಚು ಎಂದು ಟೇಪು ಹಿಡಿದು ನೋಡಿ ನಿನ್ನ ಅವ್ವನಿಗಾದರೂ ಫೋನ್ ಮಾಡು. ಎಡಗೈಯದ್ದು.

ನಿನ್ನ ಅಪ್ಪ